‘ಪುಸ್ತಕ ಮುಗೀತಾ?’ ಎಂದು ಕೇಳುವ ಮುನ್ನ

ಮಗ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ ಎಂದರೆ ಮದುವೆ ಮನೆಯಲ್ಲಿ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ದುಬೈಯಲ್ಲಿ ಅಕೌಂಟ್ಸ್ ನೋಡುತ್ತಾನೆ, ಸಿಂಗಪುರದಲ್ಲಿ ಬ್ಯಾಂಕಿನಲ್ಲಿದ್ದಾಳೆ, ಲಂಡನ್ನಿನ ಆಸ್ಪತ್ರೆಯಲ್ಲಿ ನರ್ಸು. ಇವೆಲ್ಲ ಒಂದೇ ಮಾತಿಗೆ ಅರ್ಥವಾಗುವ ಕೆಲಸಗಳು. ‘ಮಗಳು ಅಮೆರಿಕದ ಯೂನಿವರ್ಸಿಟಿಯಲ್ಲಿ ಇತಿಹಾಸ ಪಾಠ ಮಾಡ್ತಾಳೆ, ಈಗ ಒಂದು ಪುಸ್ತಕ ಬರೀತಿದಾಳೆ’ ಎಂದು ಹೇಳಿ ನೋಡಿ. ಕಾದಂಬರಿಯಾ? ಎಷ್ಟು ದುಡ್ಡು ಬರುತ್ತೆ? ಐದು ವರ್ಷದಿಂದ ಒಂದೇ ಪುಸ್ತಕವಾ? ಕೇಳುವವರಿಗೆ ಕುತೂಹಲ, ಉತ್ತರ ಹೇಳಬೇಕಾದ ಅಪ್ಪ ಅಮ್ಮನಿಗೆ ಸಂಕಟ. ಅವರಿಗೂ ಅದು ಸರಿಯಾಗಿ ಗೊತ್ತಿರುವುದಿಲ್ಲ.

ಈ ಪುಟಕ್ಕೆ ಬರುವ ಫೋನುಗಳಲ್ಲಿ ಹೆಚ್ಚಿನವು ವೀಸಾ, ಪಾಸ್‌ಪೋರ್ಟು, ಎನ್‌ಆರ್‌ಐ ಖಾತೆಯ ಬಗ್ಗೆ. ಆಗೊಮ್ಮೆ ಈಗೊಮ್ಮೆ ಬೇರೆ ತರಹದ ಫೋನು ಬರುತ್ತದೆ. ತಂಗಿಯ ಮದುವೆಗೆ ನಾಲ್ಕೇ ದಿನಕ್ಕೆ ಬಂದು ಹೋದ, ಅದರಲ್ಲೂ ಎರಡು ದಿನ ಲ್ಯಾಪ್‌ಟಾಪ್ ಮುಂದೆ ಕೂತಿದ್ದ, ಕೇಳಿದರೆ ‘ಪುಸ್ತಕ’ ಅಂತಾನೆ, ಏನದು ಅಷ್ಟೊಂದು ದೊಡ್ಡ ಪುಸ್ತಕ, ಎಂದು ಹಿರಿಯರು ಅರ್ಧ ಮುನಿಸಿನಲ್ಲಿ, ಅರ್ಧ ಆತಂಕದಲ್ಲಿ ಕೇಳುತ್ತಾರೆ. ಈ ವಾರ ನಾವು ಆ ಪುಸ್ತಕದ ಬಗ್ಗೆಯೇ ಬರೆಯುತ್ತಿದ್ದೇವೆ. ಅದಕ್ಕೆ ಮೊನೊಗ್ರಾಫ್ ಎಂದು ಹೆಸರು. ಎಷ್ಟೋ ಮನೆಗಳ ಮಕ್ಕಳು ಪರದೇಶದಲ್ಲಿ ಉಳಿಯುತ್ತಾರೋ ವಾಪಸು ಬರುತ್ತಾರೋ ಎಂಬುದು ಅದರ ಮೇಲೆ ನಿಂತಿರುತ್ತದೆ.

ಮೊನೊಗ್ರಾಫ್ ಎಂದರೆ ಒಂದೇ ವಿಷಯವನ್ನು ಹಿಡಿದು, ಸಾಮಾನ್ಯವಾಗಿ ಒಬ್ಬರೇ ಕೂತು, ತಳಮಟ್ಟ ಶೋಧಿಸಿ ಬರೆದ ಪುಸ್ತಕ. ಇದು ಪಠ್ಯಪುಸ್ತಕವಲ್ಲ, ಪಠ್ಯಪುಸ್ತಕ ಎಲ್ಲರಿಗೂ ಗೊತ್ತಿರುವುದನ್ನು ಚೊಕ್ಕವಾಗಿ ಹೇಳುತ್ತದೆ. ಹತ್ತು ಜನ ಒಂದೊಂದು ಲೇಖನ ಬರೆದು ಒಬ್ಬರು ಸಂಪಾದಿಸಿದ ಸಂಕಲನವೂ ಅಲ್ಲ. ಇನ್ನೂರೈವತ್ತು, ಮುನ್ನೂರು ಪುಟ, ಅದರಲ್ಲಿ ಅರವತ್ತೋ ಎಂಬತ್ತೋ ಪುಟ ಬರೀ ಟಿಪ್ಪಣಿ ಮತ್ತು ಗ್ರಂಥಋಣ. ಇದುವರೆಗೆ ಯಾರೂ ಹೇಳದ ಒಂದು ಮಾತನ್ನು ಅದು ಹೇಳಬೇಕು, ಹೇಳಿದ್ದಕ್ಕೆ ಸಾಕ್ಷಿ ತೋರಿಸಬೇಕು, ಆ ಸಾಕ್ಷಿ ಯಾವ ಕಪಾಟಿನ ಯಾವ ಕಡತದಲ್ಲಿದೆ ಎಂಬುದನ್ನೂ ಕೊಡಬೇಕು.

ನಮ್ಮಲ್ಲಿ ಇದಕ್ಕೆ ಹತ್ತಿರದ ವಸ್ತು ಪಿಎಚ್‌ಡಿ ಮಹಾಪ್ರಬಂಧ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಿಎಚ್‌ಡಿಗೆ ಬರೆದದ್ದು, 1966ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಪುಸ್ತಕವಾಗಿ ಬಂತು. ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳನ್ನು ಒಂದೊಂದಾಗಿ ಓದಿ, ಆ ಕಾಲದ ಜನ ಹೇಗೆ ಬದುಕಿದ್ದರು ಎಂದು ಕಟ್ಟಿಕೊಟ್ಟ ಗ್ರಂಥ. ಅಂಥ ಪುಸ್ತಕ ಬಿಸಿ ದೋಸೆಯಂತೆ ಖರ್ಚಾಗುವುದಿಲ್ಲ. ಆದರೆ ಇವತ್ತಿಗೂ ಶಾಸನದ ಬಗ್ಗೆ ಕನ್ನಡದಲ್ಲಿ ಬರೆಯುವವರು ಅದರ ಮುಂದೆ ಹಾದೇ ಹೋಗಬೇಕು. ನಿಮ್ಮ ಮಗನೋ ಸೊಸೆಯೋ ಬರೆಯುತ್ತಿರುವುದು ಈ ಜಾತಿಯ ಪುಸ್ತಕ.

ಮೊನೊಗ್ರಾಫ್ ಎಂಬ ಪದ ಬಂದದ್ದು ಇತಿಹಾಸದವರಿಂದಲ್ಲ, ಗಿಡ ಮತ್ತು ಪ್ರಾಣಿಗಳನ್ನು ಅಭ್ಯಾಸ ಮಾಡುವವರಿಂದ. ಒಂದೇ ಕುಲದ ಗಿಡವನ್ನೋ ಹುಳುವನ್ನೋ ತೆಗೆದುಕೊಂಡು ಅದರ ಬಗ್ಗೆ ಗೊತ್ತಾಗಬಹುದಾದದ್ದನ್ನೆಲ್ಲ ಒಂದೆಡೆ ಬರೆಯುವುದು ಅವರ ಪದ್ಧತಿ. ಚಾರ್ಲ್ಸ್ ಡಾರ್ವಿನ್ ‘ಜೀವಸಂಕುಲದ ಉಗಮ’ ಪ್ರಕಟಿಸಿದ್ದು 1859ರಲ್ಲಿ. ಅದಕ್ಕೂ ಮೊದಲು, 1846ರಿಂದ 1854ರವರೆಗೆ, ಎಂಟು ವರ್ಷ ಅವನು ಮಾಡಿದ್ದು ಬಾರ್ನಕಲ್ ಅಭ್ಯಾಸ. ಕರಾವಳಿಯವರು ನೋಡಿರುತ್ತೀರಿ, ದೋಣಿಯ ತಳಕ್ಕೆ, ಬಂಡೆಗೆ ಗಟ್ಟಿಯಾಗಿ ಕಚ್ಚಿಕೊಂಡಿರುವ ಪುಟ್ಟ ಚಿಪ್ಪಿನ ಜೀವಿ ಅದು. ಎಂಟು ವರ್ಷ ಸೂಕ್ಷ್ಮದರ್ಶಕದ ಕೆಳಗೆ ಅದನ್ನೇ ಕುಯ್ದು ನೋಡಿ ಸಂಪುಟಗಳನ್ನು ಬರೆದ. ಅದನ್ನು ಅಚ್ಚು ಹಾಕಿಸಿದ್ದು ಮಾಮೂಲಿ ಪ್ರಕಾಶಕರಲ್ಲ, ಚಂದಾದಾರರ ಹಣದಿಂದ ನಡೆಯುತ್ತಿದ್ದ ರೇ ಸೊಸೈಟಿಯಂಥ ವಿದ್ವತ್ ಸಂಘಗಳು. ಮನೆಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಅಪ್ಪ ಬೇರೇನನ್ನಾದರೂ ಮಾಡಿದ್ದು ಗೊತ್ತೇ ಇರಲಿಲ್ಲ. ಅವರಲ್ಲೊಬ್ಬ ನೆರೆಮನೆಯ ಯಜಮಾನರ ಬಗ್ಗೆ, ಹಾಗಾದರೆ ಅವರು ತಮ್ಮ ಬಾರ್ನಕಲ್ ಕೆಲಸ ಎಲ್ಲಿ ಮಾಡುತ್ತಾರೆ ಎಂದು ವಿಚಾರಿಸಿದನಂತೆ. ಎಲ್ಲ ಅಪ್ಪಂದಿರಿಗೂ ಅದೇ ಕೆಲಸ ಎಂದುಕೊಂಡಿತ್ತು ಆ ಮಗು. ಕ್ಯಾಲಿಫೋರ್ನಿಯಾದಲ್ಲೋ ಎಡಿನ್‌ಬರೋದಲ್ಲೋ ನಿಮ್ಮ ಮೊಮ್ಮಕ್ಕಳ ಸ್ಥಿತಿಯೂ ಇದೇ ಇರಬಹುದು.

ವಿಚಿತ್ರವೆಂದರೆ, ವಿಜ್ಞಾನದವರು ಈಗ ಈ ರೂಪವನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದಾರೆ. ಕಂಪ್ಯೂಟರ್, ವೈದ್ಯಕೀಯ, ಭೌತಶಾಸ್ತ್ರದಲ್ಲಿರುವ ನಿಮ್ಮ ಮಕ್ಕಳು ‘ಪೇಪರ್’ ಬರೆಯುತ್ತಾರೆ. ಎಂಟು ಹತ್ತು ಪುಟ, ಐದಾರು ಹೆಸರು, ವರ್ಷಕ್ಕೆ ಎರಡೋ ಮೂರೋ. ಇತಿಹಾಸ, ಸಾಹಿತ್ಯ, ಧರ್ಮಗಳ ಅಧ್ಯಯನ, ಮಾನವಶಾಸ್ತ್ರ, ಒಂದಷ್ಟು ಮಟ್ಟಿಗೆ ಸಮಾಜಶಾಸ್ತ್ರ ಮತ್ತು ರಾಜಕೀಯಶಾಸ್ತ್ರದಲ್ಲಿ ಇನ್ನೂ ಪುಸ್ತಕದ ರಾಜ್ಯ. ಹಾಗಾಗಿ ಒಂದೇ ಮನೆಯ ಅಣ್ಣ ತಮ್ಮಂದಿರಲ್ಲಿ ಇಂಜಿನಿಯರಿಂಗ್ ಪಿಎಚ್‌ಡಿ ಮಾಡಿದವನು ನಾಲ್ಕೈದು ವರ್ಷದಲ್ಲಿ ಕಂಪನಿ ಸೇರಿ ಮನೆ ಕಟ್ಟಿಸಿದರೆ, ಇತಿಹಾಸದವನು ಅದೇ ಹೊತ್ತಿಗೆ ‘ಮೂರನೇ ಅಧ್ಯಾಯದಲ್ಲಿದ್ದೇನೆ’ ಎನ್ನುತ್ತಿರುತ್ತಾನೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗುವುದು ನಮ್ಮ ಮನೆಗಳಲ್ಲಿ ದಿನಾ ನಡೆಯುವ ಅನ್ಯಾಯ.

ಗಡಿಯಾರ ಓಡುತ್ತಿರುತ್ತದೆ

ಅಮೆರಿಕದಲ್ಲಿ ಈ ವಿಷಯಗಳಲ್ಲಿ ಪಿಎಚ್‌ಡಿ ಮುಗಿಸಲು ಆರೇಳು ವರ್ಷ ಹಿಡಿಯುವುದು ಮಾಮೂಲು. ಮುಗಿದ ಮೇಲೆ ಅದೃಷ್ಟವಿದ್ದರೆ ಅಸಿಸ್ಟೆಂಟ್ ಪ್ರೊಫೆಸರ್ ಕೆಲಸ. ಊರಿನಲ್ಲಿ ನಾವು ಅಲ್ಲಿಗೆ ‘ಸೆಟ್ಲ್ ಆದಳು’ ಎಂದು ಸಿಹಿ ಹಂಚಿಬಿಡುತ್ತೇವೆ. ಅಸಲಿಗೆ ಗಡಿಯಾರ ಶುರುವಾಗುವುದೇ ಆಗ. ಆರನೇ ವರ್ಷದ ಸುಮಾರಿಗೆ ಕಡತ ಮೇಲೆ ಹೋಗುತ್ತದೆ. ಪಾಠ, ಪ್ರಕಟಣೆ ಎಲ್ಲವನ್ನೂ ತೂಗಿ ನೋಡುತ್ತಾರೆ. ಒಪ್ಪಿಗೆಯಾದರೆ ಟೆನ್ಯೂರ್, ಅಂದರೆ ನಿವೃತ್ತಿಯವರೆಗೂ ಕಾಯಂ ಕೆಲಸ. ಇಲ್ಲವಾದರೆ ಸಾಮಾನ್ಯವಾಗಿ ಇನ್ನೊಂದು ವರ್ಷ ಸಮಯ ಕೊಟ್ಟು, ಬೇರೆ ಕಡೆ ನೋಡಿಕೊಳ್ಳಿ ಎನ್ನುತ್ತಾರೆ. ಹಾಗೇ ಹಳೆಯ ಹುದ್ದೆಯಲ್ಲಿ ಮುಂದುವರಿಯುವ ದಾರಿ ಇರುವುದಿಲ್ಲ. ನಮ್ಮ ಕಾಲೇಜುಗಳ ಪ್ರೊಬೇಷನ್ನಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯಗಳ ಇತಿಹಾಸ ಅಥವಾ ಸಾಹಿತ್ಯ ವಿಭಾಗದಲ್ಲಿ ಆ ಕಡತದೊಳಗೆ ಇರಲೇಬೇಕಾದ ವಸ್ತು ಒಂದು ಮೊನೊಗ್ರಾಫ್. ಅಚ್ಚಾಗಿ ಕೈಗೆ ಬಂದಿರಬೇಕು, ಇಲ್ಲವೇ ಪ್ರಕಾಶಕರ ಅಂತಿಮ ಒಪ್ಪಿಗೆಯಾದರೂ ಸಿಕ್ಕಿರಬೇಕು. ಎಚ್-1ಬಿ ವೀಸಾದಲ್ಲಿರುವವರಿಗೆ ಇದರ ಅರ್ಥ ಇನ್ನೂ ಕಠಿಣ. ಕೆಲಸ ನಿಂತರೆ ಹೊಸ ದಾರಿ ಹುಡುಕಿಕೊಳ್ಳಲು ಸಿಗುವುದು ಹೆಚ್ಚೆಂದರೆ 60 ದಿನ. ಭಾರತದವರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಎಂಬುದು ಈ ಪುಟದ ಓದುಗರಿಗೆ ನಾವು ಹೇಳಿಕೊಡಬೇಕಾದ ಸಂಗತಿಯಲ್ಲ. ಹೀಗಾಗಿ ಮಗಳು ಫೋನಿನಲ್ಲಿ ‘ಪುಸ್ತಕ ಇನ್ನೂ ಆಗಿಲ್ಲ’ ಎಂದರೆ, ಇಲ್ಲಿ ಇರುತ್ತೇನೋ ಇಲ್ಲವೋ ಇನ್ನೂ ಗೊತ್ತಿಲ್ಲ ಎಂದು ಅರ್ಥ. ಅವಳು ಬಿಡಿಸಿ ಹೇಳುವುದಿಲ್ಲ, ಅಷ್ಟೆ.

ಜರ್ಮನಿಯದು ಬೇರೆಯೇ ಪಾಡು. ಅಲ್ಲಿ ಡಾಕ್ಟರೇಟ್‌ಗೆ ಪ್ರಬಂಧ ಬರೆದು, ಮೌಖಿಕ ಪರೀಕ್ಷೆ ಪಾಸಾದರೂ ಸಾಮಾನ್ಯವಾಗಿ ‘ಡಾ.’ ಎಂದು ಬರೆದುಕೊಳ್ಳುವಂತಿಲ್ಲ. ಪ್ರಬಂಧ ಪ್ರಕಟವಾಗಬೇಕು. ಪುಸ್ತಕವಾಗಿಯೋ, ವಿಶ್ವವಿದ್ಯಾಲಯದ ಗ್ರಂಥಾಲಯದ ಮೂಲಕ ಡಿಜಿಟಲ್ ರೂಪದಲ್ಲೋ ಲೋಕಕ್ಕೆ ಒಪ್ಪಿಸಿದ ಮೇಲೆಯೇ ಬಿರುದು. ನಮ್ಮಲ್ಲಿ ವೈವಾ ಮುಗಿದ ಸಂಜೆಯೇ ಊರ ಬಾಗಿಲಲ್ಲಿ ‘ಡಾ.’ ಎಂದು ಫ್ಲೆಕ್ಸ್ ಕಟ್ಟಿಸುವ ಉತ್ಸಾಹಿ ಚಿಕ್ಕಪ್ಪಂದಿರಿಗೆ ಇದನ್ನು ತಿಳಿಸಿಬಿಡಿ. ಹುಬ್ಬಳ್ಳಿಯಲ್ಲಿ ಯಾರೂ ಕೇಳುವುದಿಲ್ಲ, ಆದರೆ ಹೈಡೆಲ್‌ಬರ್ಗಿನಲ್ಲಿ ಇಲ್ಲದ ಬಿರುದನ್ನು ಹಾಕಿಕೊಳ್ಳುವುದು ಕಾನೂನಿನ ಪ್ರಕಾರ ಅಪರಾಧ. ಸಾಲದ್ದಕ್ಕೆ ಮುದ್ರಣದ ಖರ್ಚಿಗೆಂದು ಬರೆದವರಿಂದಲೇ ಹಣ ಕೇಳುವ ವಾಡಿಕೆಯೂ ಅಲ್ಲಿ ಹಳೆಯದು. ಪ್ರೊಫೆಸರ್ ಆಗಬೇಕೆಂದರೆ ಅನೇಕ ವಿಷಯಗಳಲ್ಲಿ ‘ಎರಡನೇ ಪುಸ್ತಕ’ ಎಂದೇ ಕರೆಯುವ ಇನ್ನೊಂದು ದೊಡ್ಡ ಗ್ರಂಥ ಬೇಕು, ಅದಕ್ಕೆ ಹಾಬಿಲಿಟಾಟ್ಸಿಯೋನ್ ಎಂಬ ಬಾಯಿ ತಿರುಗದ ಹೆಸರಿದೆ. ಈ ನಡುವೆ ಅವಧಿ ಒಪ್ಪಂದದ ಮೇಲೆ ದುಡಿಯಲು ಕಾನೂನು ಮಿತಿ ಹಾಕಿದೆ: ಡಾಕ್ಟರೇಟ್‌ಗೆ ಮೊದಲು ಆರು ವರ್ಷ, ಆಮೇಲೆ ಆರು ವರ್ಷ. 2021ರಲ್ಲಿ ಅಲ್ಲಿನ ಸಾವಿರಾರು ಕಿರಿಯ ಸಂಶೋಧಕರು ಈ ಕಾನೂನಿನ ವಿರುದ್ಧ ದನಿ ಎತ್ತಿದ್ದರು. ಸರ್ಕಾರ ಈ ವ್ಯವಸ್ಥೆಯನ್ನು ಹೊಗಳಲು ಮಾಡಿದ್ದ ಒಂದು ವಿಡಿಯೊದಲ್ಲಿ ಹಾನಾ ಎಂಬ ಕಾಲ್ಪನಿಕ ಸಂಶೋಧಕಿ ಇದ್ದಳು. ‘ನಾನೇ ಹಾನಾ’ ಎಂದು ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳಿಕೊಂಡರು.

ಬ್ರಿಟನ್ನಿನಲ್ಲಿ ಟೆನ್ಯೂರ್ ಇಲ್ಲ. ಅಲ್ಲಿ ಕೆಲವು ವರ್ಷಗಳಿಗೊಮ್ಮೆ ಸರ್ಕಾರದ ಕಡೆಯಿಂದ ಎಲ್ಲ ವಿಶ್ವವಿದ್ಯಾಲಯಗಳ ಸಂಶೋಧನೆಗೆ ಮಾರ್ಕ್ಸ್ ಹಾಕುತ್ತಾರೆ, ಅನುದಾನ ಅದರ ಮೇಲೆ. 2021ರ ಸುತ್ತಿನಲ್ಲಿ ಒಂದು ದೊಡ್ಡ ಮೊನೊಗ್ರಾಫನ್ನು ಎರಡು ಕೃತಿಗಳಿಗೆ ಸಮ ಎಂದು ಎಣಿಸಿ ಎಂದು ಕೇಳಲು ಅವಕಾಶವಿತ್ತು. ಕೇಳಿದವರಿಗೆ ಅದೊಂದು ಸಮಾಧಾನ.

ರಾಂಪುರದ ಟಿಪ್ಪಣಿಗಳು ಸುಟ್ಟ ದಿನ

ಈ ಪುಸ್ತಕಗಳ ಹಿಂದೆ ಎಷ್ಟು ವರ್ಷಗಳು ಸೇರಿರುತ್ತವೆ ಎಂಬುದಕ್ಕೆ ನಮ್ಮವರದ್ದೇ ಕಥೆಯೊಂದಿದೆ. ಮೈಸೂರಿನ ಎಂ.ಎನ್. ಶ್ರೀನಿವಾಸ್ ಹುಟ್ಟಿದ್ದು 1916ರಲ್ಲಿ. ಮುಂಬೈಯಲ್ಲಿ ಜಿ.ಎಸ್. ಘುರ್ಯೆಯವರ ಬಳಿ ಸಮಾಜಶಾಸ್ತ್ರ ಓದಿದರು. ಎಂಎಗೆ ಬರೆದ ಪ್ರಬಂಧವೇ 1942ರಲ್ಲಿ ಮೈಸೂರಿನ ಮದುವೆ ಮತ್ತು ಕುಟುಂಬದ ಬಗೆಗಿನ ಪುಸ್ತಕವಾಯಿತು. ಆಮೇಲೆ ಆಕ್ಸ್‌ಫರ್ಡ್. ಕೊಡಗಿನಲ್ಲಿ ಕಲೆಹಾಕಿದ ಮಾಹಿತಿಯನ್ನು ಅಲ್ಲಿ ಹೊಸದಾಗಿ ಕಟ್ಟಿ ಡಿಫಿಲ್ ಪಡೆದರು. ಅದು ಕೊಡವರ ಧರ್ಮ ಮತ್ತು ಸಮಾಜದ ಮೇಲಿನ ಮೊನೊಗ್ರಾಫ್ ಆಗಿ ಆಕ್ಸ್‌ಫರ್ಡಿನಿಂದಲೇ ಹೊರಬಂದದ್ದು 1952ರಲ್ಲಿ. ಪದವಿಗೂ ಪುಸ್ತಕಕ್ಕೂ ನಡುವೆ ಐದು ವರ್ಷ ಎಂಬುದನ್ನು ಗಮನಿಸಿ. ಇವತ್ತು ಪತ್ರಿಕೆಗಳಲ್ಲಿ ಎಲ್ಲರೂ ಬಳಸುವ ‘ಸಂಸ್ಕೃತೀಕರಣ’ ಎಂಬ ಮಾತು ವಿದ್ವತ್ ಲೋಕದಲ್ಲಿ ಬೇರೂರಿದ್ದು ಆ ಪುಸ್ತಕದಿಂದ.

1948ರಲ್ಲಿ ಅವರು ಮೈಸೂರು ಸೀಮೆಯ ಹಳ್ಳಿಯೊಂದಕ್ಕೆ ಬಂದು ತಿಂಗಳುಗಟ್ಟಲೆ ತಂಗಿದರು. ಪುಸ್ತಕದಲ್ಲಿ ಅದಕ್ಕೆ ಇಟ್ಟ ಹೆಸರು ರಾಂಪುರ. ಒಕ್ಕಲುತನ, ಜಾತಿಗಳ ನಡುವಿನ ಕೊಡುಕೊಳೆ, ಜಗಳ, ಪಂಚಾಯ್ತಿ, ಹಬ್ಬ ಎಲ್ಲವನ್ನೂ ಬರೆದುಕೊಂಡರು. 1952ರಲ್ಲಿ ಮತ್ತೆ ಬಂದರು. ನಂತರ ಬರೋಡಾ, ದೆಹಲಿ ಎಂದು ಪಾಠ, ವಿಭಾಗ ಕಟ್ಟುವ ಕೆಲಸ, ಸಭೆ. ಹಳ್ಳಿಯ ಪುಸ್ತಕ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಕೊನೆಗೆ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ, ಬರೆಯುವುದಕ್ಕೆಂದೇ ವಿದ್ವಾಂಸರನ್ನು ಕರೆಸಿಕೊಳ್ಳುವ ಕೇಂದ್ರದಲ್ಲಿ, ಒಂದು ವರ್ಷದ ಬಿಡುವು ಸಿಕ್ಕಿತು. ಇಷ್ಟು ವರ್ಷ ವಿಂಗಡಿಸಿ, ಟೈಪು ಮಾಡಿಸಿ ಸಿದ್ಧಮಾಡಿಕೊಂಡಿದ್ದ ಟಿಪ್ಪಣಿಗಳನ್ನೆಲ್ಲ ಜೊತೆಗೆ ಒಯ್ದಿದ್ದರು. ಪ್ರತಿಗಳು ಮೂರಿದ್ದವು. ಮೂರೂ ಅಲ್ಲೇ ಇದ್ದವು.

ವಿಯೆಟ್ನಾಂ ಯುದ್ಧದ ವಿರುದ್ಧ ಅಮೆರಿಕದ ಕ್ಯಾಂಪಸ್ಸುಗಳು ಕುದಿಯುತ್ತಿದ್ದ ಕಾಲ ಅದು. ಏಪ್ರಿಲ್ 24ರಂದು ಯಾರೋ ಆ ಕೇಂದ್ರಕ್ಕೆ ಬೆಂಕಿ ಇಟ್ಟರು. ಶ್ರೀನಿವಾಸರ ಕೋಣೆ ಸುಟ್ಟುಹೋಯಿತು, ಮೂರು ಪ್ರತಿಗಳೂ ಹೋದವು. ಹದಿನೆಂಟು ವರ್ಷದ ಕೆಲಸ.

ಷಿಕಾಗೊದ ಮಾನವಶಾಸ್ತ್ರಜ್ಞ ಸಾಲ್ ಟ್ಯಾಕ್ಸ್ ಅವರಿಗೊಂದು ಮಾತು ಹೇಳಿದರು: ಟಿಪ್ಪಣಿ ಹೋದರೆ ಹೋಗಲಿ, ನೆನಪಿನಿಂದಲೇ ಬರೆಯಿರಿ. ಶ್ರೀನಿವಾಸ್ ಹಾಗೇ ಮಾಡಿದರು. ಮನಸ್ಸಿನಲ್ಲಿ ಉಳಿದಿದ್ದ ಊರನ್ನು ಕಾಗದಕ್ಕೆ ಇಳಿಸಿದರು. ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು. ಕಟ್ಟುನಿಟ್ಟಿನ ವಿದ್ವಾಂಸರು ಇದನ್ನು ಮೊನೊಗ್ರಾಫ್ ಎನ್ನಬಹುದೇ ಎಂದು ಮೂಗು ಮುರಿಯಬಹುದು. ಟಿಪ್ಪಣಿಯ ಆಧಾರ ತೋರಿಸುವ ಪುಸ್ತಕ ಅದಲ್ಲ. ನಮಗನ್ನಿಸುವುದು, ಅದು ಆ ರೂಪವನ್ನು ಮೀರಿದ್ದಕ್ಕೇ ಹೆಚ್ಚು ಜನ ಓದಿದರು. ಆದರೆ ನೆನಪಿನಿಂದ ಅಷ್ಟು ಬರೆಯಲು ಸಾಧ್ಯವಾದದ್ದು ಯಾಕೆ? ಅಷ್ಟು ವರ್ಷ ಆ ಟಿಪ್ಪಣಿಗಳನ್ನು ತಿರುವಿ, ಜೋಡಿಸಿ, ಮತ್ತೆ ತಿರುವಿ ಹಾಕಿದ್ದರಿಂದಲೇ ಅಲ್ಲವೇ? ಶ್ರೀನಿವಾಸ್ ಮುಂದೆ ಬೆಂಗಳೂರಿಗೆ ಬಂದು, ವಿ.ಕೆ.ಆರ್.ವಿ. ರಾವ್ ಅವರೊಡನೆ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಕಟ್ಟುವುದರಲ್ಲಿ ಕೈಜೋಡಿಸಿದರು. 1999ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಈಗಿನ ಮಕ್ಕಳು ಎಲ್ಲವನ್ನೂ ಕ್ಲೌಡಿನಲ್ಲಿ ಇಟ್ಟಿರುತ್ತಾರೆ, ಬೆಂಕಿಯ ಭಯವಿಲ್ಲ. ಹಾಗಿದ್ದರೂ ರಜೆಗೆ ಬಂದ ಮಗ ತಾನು ಫೋಟೊ ತೆಗೆದುಕೊಂಡ ಪತ್ರಾಗಾರದ ಕಡತಗಳನ್ನು ಮೂರು ಕಡೆ ಉಳಿಸಿದ್ದೇನಾ ಎಂದು ರಾತ್ರಿ ಎದ್ದು ನೋಡಿದರೆ ಗಾಬರಿಯಾಗಬೇಡಿ.

ಎಲ್ಲ ಹಿರಿಮೆಯೂ ಈ ಒಂದು ದಾರಿಯಲ್ಲೇ ಬರುತ್ತದೆ ಎಂದೇನೂ ಅಲ್ಲ. ಎ.ಕೆ. ರಾಮಾನುಜನ್ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ 1963ರಲ್ಲಿ ಡಾಕ್ಟರೇಟ್ ಪಡೆದದ್ದು ತಮಿಳು ವ್ಯಾಕರಣದ ಮೇಲೆ. ಷಿಕಾಗೊದಲ್ಲಿ ಕೂತು ಅವರು ಲೋಕಕ್ಕೆ ಕೊಟ್ಟದ್ದು ವಚನಗಳ ಅನುವಾದ, ಕವಿತೆ, ಜನಪದ ಕಥೆ, ಪ್ರಬಂಧಗಳು. ದಪ್ಪ ಮೊನೊಗ್ರಾಫಿನಿಂದ ಅವರನ್ನು ಯಾರೂ ನೆನೆಯುವುದಿಲ್ಲ. ಅದು ರಾಮಾನುಜನ್, ಮತ್ತು ಅದು ಆ ಕಾಲ. ಇವತ್ತು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಆ ಧೈರ್ಯ ಮಾಡಿ ಎಂದು ಹೇಳಲು ನಮಗೆ ಬಾಯಿ ಬಾರದು.

ದುಡ್ಡಿನ ಲೆಕ್ಕ

ಪಿಎಚ್‌ಡಿ ಪ್ರಬಂಧ ಹಾಗೇ ಪುಸ್ತಕವಾಗುವುದಿಲ್ಲ. ಅದನ್ನು ಬರೆದದ್ದು ನಾಲ್ಕೈದು ಪರೀಕ್ಷಕರಿಗಾಗಿ. ಒಡೆದು ಹೊಸದಾಗಿ ಕಟ್ಟಬೇಕು. ಎರಡು ಅಧ್ಯಾಯ ಬಿಸಾಡಿ, ಒಂದನ್ನು ಹೊಸದಾಗಿ ಬರೆದು, ಮತ್ತೊಮ್ಮೆ ಪತ್ರಾಗಾರಕ್ಕೆ ಹೋಗಿ ಬರಬೇಕು. ಆಮೇಲೆ ಪ್ರಸ್ತಾವ, ಯೂನಿವರ್ಸಿಟಿ ಪ್ರೆಸ್ಸಿನ ಸಂಪಾದಕರ ಒಪ್ಪಿಗೆ. ಅವರು ಹಸ್ತಪ್ರತಿಯನ್ನು ಸಾಮಾನ್ಯವಾಗಿ ಇಬ್ಬರು ಪರಿಣತರಿಗೆ ಕಳಿಸುತ್ತಾರೆ. ಆ ಇಬ್ಬರು ಯಾರು ಎಂದು ಬರೆದವರಿಗೆ ಗೊತ್ತಾಗದು. ವರದಿ ಬರಲು ತಿಂಗಳುಗಳೇ ಬೇಕು. ಒಬ್ಬರು ‘ಅದ್ಭುತ’ ಎನ್ನುತ್ತಾರೆ, ಇನ್ನೊಬ್ಬರು ನಾಲ್ಕನೇ ಅಧ್ಯಾಯ ಬುಡದಿಂದಲೇ ತಪ್ಪು ಎನ್ನುತ್ತಾರೆ. ತಿದ್ದಿ, ಉತ್ತರ ಬರೆದು ಕಳಿಸಿದ ಮೇಲೆ ಪ್ರಾಧ್ಯಾಪಕರ ಮಂಡಳಿಯೊಂದು ಒಪ್ಪಬೇಕು. ಮತ್ತೆ ಭಾಷೆ ತಿದ್ದುವವರ ಕೈ, ಕರಡಚ್ಚು, ಪದಸೂಚಿ. ಹಸ್ತಪ್ರತಿ ಕೊಟ್ಟ ದಿನದಿಂದ ಪುಸ್ತಕ ಕೈಗೆ ಬರುವುದರೊಳಗೆ ಎರಡು ವರ್ಷ ಸರಿದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇಷ್ಟೆಲ್ಲ ಆದ ಮೇಲೆ ಮಾರಾಟ? ಅನೇಕ ಮೊನೊಗ್ರಾಫುಗಳು ಕೆಲವು ನೂರು ಪ್ರತಿ ಹೋದರೆ ಹೆಚ್ಚು. ಕೊಳ್ಳುವವರಲ್ಲಿ ಬಹುಪಾಲು ವಿಶ್ವವಿದ್ಯಾಲಯದ ಗ್ರಂಥಾಲಯಗಳು. ಅವುಗಳ ಹಣವೂ ಈಗ ದುಬಾರಿ ವಿಜ್ಞಾನ ನಿಯತಕಾಲಿಕೆಗಳ ಚಂದಾಕ್ಕೇ ಹೋಗುತ್ತದೆ. ಇತ್ತ ಖರ್ಚು ಕಡಿಮೆಯಿಲ್ಲ. ಇಥಾಕಾ ಎಂಬ ಸಂಸ್ಥೆ 2016ರಲ್ಲಿ ಅಮೆರಿಕದ 20 ಯೂನಿವರ್ಸಿಟಿ ಪ್ರೆಸ್‌ಗಳ ಲೆಕ್ಕ ತೆಗೆದು ನೋಡಿತು. ಒಂದು ಮೊನೊಗ್ರಾಫ್ ಹೊರತರಲು ಕಡಿಮೆಯೆಂದರೆ ಸುಮಾರು 15 ಸಾವಿರ ಡಾಲರ್, ಅತಿ ಹೆಚ್ಚಿನದಕ್ಕೆ ಸುಮಾರು 1 ಲಕ್ಷ 30 ಸಾವಿರ ಡಾಲರ್ ತಗಲಿತ್ತು. ಕಾಗದ, ಅಚ್ಚಿನ ಖರ್ಚಲ್ಲ ಇದು; ಹೆಚ್ಚಿನದು ಓದಿ ತಿದ್ದುವ ಜನರ ಸಂಬಳ. ಹಾಗಾಗಿ ಗಟ್ಟಿ ರಟ್ಟಿನ ಪ್ರತಿಗೆ ನೂರು ಡಾಲರ್ ಬೆಲೆ ಹಾಕಿದ್ದನ್ನು ಕಂಡು ‘ಮಗಳಿಗೆ ಎಷ್ಟು ಬರುತ್ತೆ’ ಎಂದು ಗುಣಾಕಾರ ಮಾಡಬೇಡಿ. ರಾಯಲ್ಟಿ ಎಂದು ಬರುವುದು ಮನೆಮಂದಿಯನ್ನೆಲ್ಲ ಒಂದು ಊಟಕ್ಕೆ ಕರೆದೊಯ್ಯಲು ಸಾಕಾದರೆ ಪುಣ್ಯ.

ನೀವು ಕೊಳ್ಳಬೇಕೆಂದಿದ್ದರೆ ಸ್ವಲ್ಪ ಕಾಯಿರಿ. ದಕ್ಷಿಣ ಏಷ್ಯಾದ ಬಗ್ಗೆ ಬರೆದ ಅಮೆರಿಕದ ಪುಸ್ತಕಗಳಿಗೆ ಎಷ್ಟೋ ಸಲ ಭಾರತದ ಆವೃತ್ತಿ ಬರುತ್ತದೆ, ಬೆಲೆ ಬಹಳ ಇಳಿದಿರುತ್ತದೆ. ಶೆಲ್ಡನ್ ಪೊಲಾಕ್ ಬರೆದ ‘ದಿ ಲ್ಯಾಂಗ್ವೇಜ್ ಆಫ್ ದಿ ಗಾಡ್ಸ್ ಇನ್ ದಿ ವರ್ಲ್ಡ್ ಆಫ್ ಮೆನ್’ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ 2006ರಲ್ಲಿ ಬಂತು, ಮಾರನೇ ವರ್ಷವೇ ಪರ್ಮನೆಂಟ್ ಬ್ಲ್ಯಾಕ್ ಅದನ್ನು ಇಲ್ಲಿ ತಂದಿತು. ಕವಿರಾಜಮಾರ್ಗದ ಬಗ್ಗೆ ಅದರಲ್ಲಿ ವಿಸ್ತಾರವಾಗಿ ಬರೆದಿದ್ದಾರೆ. ಇನ್ನು ಕೆಲವು ಪುಸ್ತಕಗಳು ಕಾಸಿಲ್ಲದೆ ಸಿಗುತ್ತವೆ. ಅದೇ ಕ್ಯಾಲಿಫೋರ್ನಿಯಾ ಪ್ರೆಸ್ 2015ರಲ್ಲಿ ಲೂಮಿನೋಸ್ ಎಂಬ ಯೋಜನೆ ಶುರುಮಾಡಿ ಮೊನೊಗ್ರಾಫುಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿಡುತ್ತಿದೆ. ಬ್ರಿಟನ್ನಿನಲ್ಲಿ ಸರ್ಕಾರಿ ಸಂಶೋಧನಾ ನಿಧಿಯಿಂದ ನಡೆದ ಕೆಲಸದ ಮೊನೊಗ್ರಾಫ್ 2024ರ ಜನವರಿ 1ರ ನಂತರ ಬಂದದ್ದಾದರೆ, ಪ್ರಕಟವಾದ ಒಂದು ವರ್ಷದೊಳಗೆ ಉಚಿತವಾಗಿ ತೆರೆದಿಡಬೇಕು. ಮಗನನ್ನೇ ಕೇಳಿ, ಫೋನಿಗೆ ಕಳಿಸಿಕೊಡುತ್ತಾನೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪಿಎಚ್‌ಡಿ ಮುಗಿಸಿದವರಿಗೆಲ್ಲ ‘ನಿಮ್ಮ ಥೀಸಿಸ್ ಪುಸ್ತಕ ಮಾಡುತ್ತೇವೆ, ಎರಡೇ ತಿಂಗಳು’ ಎಂಬ ಇಮೇಲ್ ಬರುತ್ತದೆ. ಯಾವ ಪರಿಣತರ ಕೈಗೂ ಕೊಡದೆ ಅಚ್ಚು ಹಾಕುವವರು ಇವರು. ‘ಅಷ್ಟು ಬೇಗ ಮಾಡಿಕೊಡ್ತಾರಂತಲ್ಲ, ಅವರಿಗೇ ಕೊಟ್ಟುಬಿಡು’ ಎಂದು ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಒತ್ತಾಯಿಸುವುದುಂಟು. ಟೆನ್ಯೂರ್ ಕಡತದಲ್ಲಿ ಅಂಥ ಪುಸ್ತಕಕ್ಕೆ ಬೆಲೆಯಿಲ್ಲ, ಒಮ್ಮೆ ಹಾಗೆ ಅಚ್ಚಾದ ಬರಹವನ್ನು ಒಳ್ಳೆಯ ಪ್ರೆಸ್ ಮುಟ್ಟುವುದೂ ಕಷ್ಟ.

ಕೆಲವೇ ನೂರು ಜನ ಕೊಳ್ಳುವ ಪುಸ್ತಕಕ್ಕೆ ಇಷ್ಟು ಯಾಕೆ ಎಂದು ಕೇಳುವವರಿಗೆ ನಾವು ನಮ್ಮೂರಿನ ಕಡೆಗೇ ಕೈ ತೋರಿಸುತ್ತೇವೆ. ಬೆಂಗಳೂರು ಕರಗವನ್ನು ವರ್ಷವರ್ಷ ನೋಡಿದವರು ಲಕ್ಷಾಂತರ. ಆ ಕರಗದ ಹೆಜ್ಜೆ ಹಿಡಿದು ಕೆರೆ, ಪೇಟೆ, ತೋಟಗಳ ಹಳೆಯ ನಗರವನ್ನು ಪುಸ್ತಕವಾಗಿ ಕಟ್ಟಿದವರು ಸ್ಮೃತಿ ಶ್ರೀನಿವಾಸ್. ಅದು 2001ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಿಂದ ಬಂತು. ಅದೇ ನಗರದ ಇಪ್ಪತ್ತನೇ ಶತಮಾನವನ್ನು ಜಾನಕಿ ನಾಯರ್ 2005ರಲ್ಲಿ ಬರೆದರು. ಹರಿಹರನ ರಗಳೆಗಳ ಮೇಲೆ ಇಂಗ್ಲಿಷಿನಲ್ಲಿ ಇಡೀ ಪುಸ್ತಕ ಬಂದದ್ದು 2018ರಲ್ಲಿ, ಬರೆದವರು ಫ್ಲೋರಿಡಾದಲ್ಲಿ ಪಾಠ ಮಾಡುವ ಗಿಲ್ ಬೆನ್-ಹೆರುತ್. ಕನ್ನಡ ಮನೆಯಲ್ಲಿ ಹುಟ್ಟದವರೊಬ್ಬರು ನಡುಗನ್ನಡ ಕಲಿತು, ಶಿವಶರಣರ ಕಥೆಗಳನ್ನು ಸಾಲುಸಾಲಾಗಿ ಓದಿ ಬರೆದದ್ದು. ನಮ್ಮ ಎಷ್ಟು ಮನೆಗಳಲ್ಲಿ ಹರಿಹರನ ರಗಳೆಯ ಪ್ರತಿ ಇದೆ ಎಂದು ನಾವೇ ಕೇಳಿಕೊಂಡರೆ ಮುಜುಗರವಾಗುತ್ತದೆ.

ಬಾಣಂತನಕ್ಕೆ ಹೋದವರು

ಈ ಪುಟದ ಓದುಗರಲ್ಲಿ ಮಗಳದ್ದೋ ಸೊಸೆಯದ್ದೋ ಬಾಣಂತನಕ್ಕೆ ಆರು ತಿಂಗಳು ಹೋಗಿ ಬಂದ ಅಮ್ಮಂದಿರು ಬಹಳ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಮಗು ಹುಟ್ಟಿದರೆ ಟೆನ್ಯೂರ್ ಗಡಿಯಾರವನ್ನು ಒಂದು ವರ್ಷ ಮುಂದೂಡುತ್ತವೆ. ಕೋವಿಡ್ ಕಾಲದಲ್ಲೂ ಹಾಗೇ ಒಂದು ವರ್ಷ ಕೊಟ್ಟಿದ್ದವು. ಆದರೆ ಮುಂದೂಡಿದ ಆ ವರ್ಷದಲ್ಲಿ ಬರೆಯಲು ಆಗುವುದು ಯಾರೋ ಮಗುವನ್ನು ಎತ್ತಿಕೊಂಡರೆ ತಾನೆ? ಬೆಳಗಿನ ಜಾವ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿ ಮಲಗಿಸಿ, ಮಗಳನ್ನು ಎರಡು ಗಂಟೆ ಕೋಣೆಗೆ ಕಳಿಸಿ ಬಾಗಿಲು ಹಾಕಿಕೊಂಡ ಅಮ್ಮನ ಕೆಲಸ ಯಾವ ಪದಸೂಚಿಯಲ್ಲೂ ಬರುವುದಿಲ್ಲ.

ಬಂದರೆ ಬರುವುದು ಕೃತಜ್ಞತೆಯ ಪುಟದಲ್ಲಿ. ಮೊನೊಗ್ರಾಫುಗಳಲ್ಲಿ ಅದು ಮೂರು ನಾಲ್ಕು ಪುಟ ಇರುತ್ತದೆ: ಗುರುಗಳು, ಗ್ರಂಥಪಾಲಕರು, ಅನುದಾನ ಕೊಟ್ಟವರು, ಗೆಳೆಯರು, ಕೊನೆಗೆ ಮನೆಯವರು. ಹಳೆಯ ಪುಸ್ತಕಗಳಲ್ಲಿ ಹೆಂಡತಿಗೆ ‘ಟೈಪು ಮಾಡಿಕೊಟ್ಟಿದ್ದಕ್ಕೆ’ ಎಂದು ಹೆಸರೂ ಹೇಳದೆ ಒಂದು ಸಾಲಿನ ವಂದನೆ ಇರುತ್ತಿತ್ತು. ಈಗಿನವರು ಅಷ್ಟು ಕಂಜೂಸರಲ್ಲ. ನಿಮ್ಮ ಮಕ್ಕಳ ಪುಸ್ತಕ ಬಂದಾಗ ಇಂಗ್ಲಿಷ್ ಗಟ್ಟಿಯೆನಿಸಿ ಒಳಗಿನದು ಓದಲಾಗದಿದ್ದರೂ ಆ ಪುಟಗಳನ್ನು ಯಾರಿಂದಲಾದರೂ ಓದಿಸಿಕೊಳ್ಳಿ.

ಅದಕ್ಕೂ ಮೊದಲು ಒಂದು ಫೋನು ಬರುತ್ತದೆ. ಕರಡಚ್ಚು ಕೈಗೆ ಬಂದಿರುತ್ತದೆ, ಪದಸೂಚಿ ಮಾಡಿ ಹಿಂತಿರುಗಿಸಲು ಕೆಲವೇ ವಾರ. ಅಲ್ಲಿ ಮಧ್ಯರಾತ್ರಿ, ಇಲ್ಲಿ ಮಧ್ಯಾಹ್ನ. ‘ಅಪ್ಪಾ, ನಮ್ಮೂರ ಪಕ್ಕದ ಆ ಹಳ್ಳಿಯ ಹೆಸರಿನಲ್ಲಿ ಇರೋದು ಅಲ್ಪಪ್ರಾಣವಾ ಮಹಾಪ್ರಾಣವಾ? ಹಳೇ ಕಾಗದದಲ್ಲಿ ಹೇಗಿದೆ?’ ಎಂದು ಕೇಳುತ್ತಾರೆ. ಆಮೇಲೆ ನೋಡಿ ಹೇಳ್ತೀನಿ ಎನ್ನಬೇಡಿ. ಟ್ರಂಕಿನಿಂದ ಹಳೆಯ ಪಹಣಿ ತೆಗೆದು ಅಕ್ಷರ ಅಕ್ಷರವಾಗಿ ಓದಿ ಹೇಳಿ.